ಪ್ಲಾಸ್ಮಾ ಕಟರ್ ಕೊಳ್ಳುವ ಮುನ್ನ ಮೀಟರ್ ಬೋರ್ಡ್ ನೋಡಿ

ಗ್ಯಾಸ್ ಕಟಿಂಗ್‌ನಲ್ಲಿ ಕಬ್ಬಿಣ ಕರಗಿ ತುಂಡಾಗುತ್ತದೆ ಎಂದೇ ನೋಡುವವರಿಗೆಲ್ಲ ಅನಿಸುವುದು. ನಿಜಕ್ಕೂ ಅಲ್ಲಿ ಕಬ್ಬಿಣ ಸೌದೆಯ ಹಾಗೆ ಉರಿಯುತ್ತಿರುತ್ತದೆ. ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಉಕ್ಕಿನ ಮೇಲೆ ಶುದ್ಧ ಆಮ್ಲಜನಕ ಬಿಟ್ಟರೆ ಉಕ್ಕೇ ಹೊತ್ತಿಕೊಳ್ಳುತ್ತದೆ. ಉರಿದು ಹುಟ್ಟುವ ಆಕ್ಸೈಡ್ ಉಕ್ಕಿಗಿಂತ ಕಡಿಮೆ ಬಿಸಿಯಲ್ಲೇ ಕರಗುವುದರಿಂದ ಕೆಳಗೆ ಹರಿದು ದಾರಿ ಬಿಡುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಹತ್ತಿರ ಈ ಆಟ ನಡೆಯದು. ಅದರ ಮೇಲೆ ಕಟ್ಟುವ ಕ್ರೋಮಿಯಂ ಆಕ್ಸೈಡ್ ಕರಗಲು 2,000 ಡಿಗ್ರಿ ದಾಟಬೇಕು. ಅಲ್ಯೂಮಿನಿಯಂನದೂ ಅದೇ ಪಾಡು: ಲೋಹ 660 ಡಿಗ್ರಿಗೆ ಕರಗಿದರೆ ಅದರ ಆಕ್ಸೈಡ್ ಕರಗುವುದು 2,070ರ ಆಸುಪಾಸಿನಲ್ಲಿ. ಶಿರಾ ಹೆದ್ದಾರಿ ಬದಿಯಲ್ಲಿ ಲಾರಿ ಟ್ರಾಲಿಯ ಉಕ್ಕನ್ನು ಸಲೀಸಾಗಿ ಕತ್ತರಿಸುವ ಕೈ ಎಸ್.ಎಸ್. ತಗಡು ಬಂದೊಡನೆ ಗ್ರೈಂಡರ್ ಹುಡುಕುವುದು ಇದಕ್ಕೇ.

ಪ್ಲಾಸ್ಮಾ ಕಟರ್‌ಗೆ ಈ ಉರಿಯುವ ರಸಾಯನಶಾಸ್ತ್ರದ ಹಂಗಿಲ್ಲ. ಅದು ಕಟ್ಟಿಗೆ ಒಡೆದಷ್ಟೇ ನೇರ ಕೆಲಸ ಮಾಡುತ್ತದೆ: ಕರಗಿಸುವುದು, ಊದಿ ಬಿಸಾಡುವುದು. ಟಾರ್ಚಿನೊಳಗಿನ ಎಲೆಕ್ಟ್ರೋಡಿನಿಂದ ಕೆಳಗಿನ ತಗಡಿಗೆ ವಿದ್ಯುತ್ ಚಾಪ ಹೊತ್ತುತ್ತದೆ. ಆ ಚಾಪವನ್ನು ಒಂದು ಮಿಲಿಮೀಟರ್ ಆಸುಪಾಸಿನ ರಂಧ್ರವಿರುವ ತಾಮ್ರದ ನಾಜಲ್ ಮೂಲಕ, ಸುಳಿ ತಿರುಗುವ ಗಾಳಿಯ ಜೊತೆ ಬಲವಂತವಾಗಿ ತೂರಿಸಲಾಗುತ್ತದೆ. ಹಿಂಡಿದಷ್ಟೂ ಚಾಪದ ಬಿಸಿ ಏರುತ್ತದೆ. ಗಾಳಿಯ ಅಣುಗಳು ಒಡೆದು, ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿ, ಗಾಳಿಯೇ ತಂತಿಯಂತೆ ವಿದ್ಯುತ್ ಸಾಗಿಸತೊಡಗುತ್ತದೆ. ಅದು ಪ್ಲಾಸ್ಮಾ ಸ್ಥಿತಿ. ಉಷ್ಣತೆ 20,000 ಡಿಗ್ರಿಯ ಸುತ್ತಮುತ್ತ. ಸೂರ್ಯನ ಮೇಲ್ಮೈ 5,500 ಡಿಗ್ರಿ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ವಿದ್ಯುತ್ ಹರಿಯುವ ಯಾವ ಲೋಹವಾದರೂ ಇದಕ್ಕೆ ಸಮ. ಅಮೆರಿಕದ ಯೂನಿಯನ್ ಕಾರ್ಬೈಡ್ ಕಂಪನಿಯ ರಾಬರ್ಟ್ ಗೇಜ್ 1957ರಲ್ಲಿ ಇದಕ್ಕೆ ಪೇಟೆಂಟ್ ಪಡೆದಾಗ ಇದು ಕಾರ್ಖಾನೆಯ ಭಾರೀ ಯಂತ್ರ. ಇನ್ವರ್ಟರ್ ತಂತ್ರಜ್ಞಾನ ಬಂದಮೇಲೆ ಅದು ಒಂದು ಕೈಯಲ್ಲಿ ಎತ್ತಬಹುದಾದ ಪೆಟ್ಟಿಗೆಯಾಯಿತು. ಹಾಗಾಗಿಯೇ ಮಧುಗಿರಿ, ಕೊರಟಗೆರೆಯ ಹಳ್ಳಿಮನೆಯ ಹಿಂದಿನ ಶೆಡ್ಡಿಗೂ ಇದನ್ನು ತರುವ ಮಾತು ಏಳುತ್ತದೆ. ತುಮಕೂರಿಗೆ ಸುಮಾರು 100 ಕಿ.ಮೀ. ದೂರದ ಪಾವಗಡದಲ್ಲಂತೂ ಸಿಲಿಂಡರ್ ತುಂಬಿಸುವ ಕಾಟವಿಲ್ಲದೆ ಗಾಳಿ ಮತ್ತು ಕರೆಂಟಿನಿಂದಲೇ ಕತ್ತರಿಸಬಹುದು ಎಂಬುದು ಸಣ್ಣ ಆಸೆಯಲ್ಲ.

ಆದರೆ ಎಲ್ಲರಿಗೂ ಬೇಕೇ? ಗ್ರಿಲ್, ಗೇಟು, ಚೌಕ ಪೈಪಿನ ಕೆಲಸವಷ್ಟೇ ಮಾಡುವವರು ಕೊಳ್ಳಬೇಡಿ. ಕಟಿಂಗ್ ವೀಲ್ ಸಾಕು. ಇಪ್ಪತ್ತು ಮಿ.ಮೀ. ದಪ್ಪದ ಉಕ್ಕಿನ ಪ್ಲೇಟಿಗೆ ಇಂದಿಗೂ ಗ್ಯಾಸೇ ಅಗ್ಗ. ಟ್ರ್ಯಾಕ್ಟರ್ ಟ್ರೇಲರಿನ ತಳ, ಎಸ್.ಎಸ್. ಕೆಲಸ, ಅಲ್ಯೂಮಿನಿಯಂ, ತಗಡಿನಲ್ಲಿ ವಕ್ರಾಕೃತಿ, ಹತ್ತು ಮಿ.ಮೀ. ಒಳಗಿನ ಪ್ಲೇಟು: ಇವು ಪದೇಪದೇ ಬರುತ್ತಿದ್ದರೆ ಮಾತ್ರ ಇದರ ದುಡ್ಡು ಹುಟ್ಟುತ್ತದೆ.

ಅಂಗಡಿಯವರು ಮೊದಲು ಹೇಳುವುದು ಆಂಪಿಯರ್. 40 ಆಂಪಿಯರ್ ಯಂತ್ರ ಹತ್ತು-ಹನ್ನೆರಡು ಮಿ.ಮೀ. ಉಕ್ಕು ಕತ್ತರಿಸುತ್ತದೆ ಎನ್ನುತ್ತಾರೆ, ಸುಳ್ಳಲ್ಲ. ಅದಕ್ಕೆ ಬೇಕಾದ ಕರೆಂಟನ್ನು ಮಾತ್ರ ಯಾರೂ ಲೆಕ್ಕ ಹಾಕುವುದಿಲ್ಲ. ಕತ್ತರಿಸುವಾಗ ಚಾಪದ ವೋಲ್ಟೇಜ್ ಸುಮಾರು 96. ಅದಕ್ಕೆ 40 ಆಂಪಿಯರ್ ಗುಣಿಸಿದರೆ 3.8 ಕಿಲೋವಾಟ್. ಯಂತ್ರದೊಳಗಿನ ನಷ್ಟ ಸೇರಿದರೆ ನಾಲ್ಕೂವರೆ. 230 ವೋಲ್ಟಿನ ಲೈನಿನಿಂದ ಅದು ಸುಮಾರು 20 ಆಂಪಿಯರ್ ಎಳೆಯುತ್ತದೆ. ಮನೆಯ ದೊಡ್ಡ ಸಾಕೆಟ್ 16 ಆಂಪಿಯರ್‌ನದು. ಇದರ ಮೇಲೆ ಎರಡು ಎಚ್.ಪಿ. ಕಂಪ್ರೆಸರ್ ಒಂದೂವರೆ ಕಿಲೋವಾಟ್ ಕೇಳುತ್ತದೆ, ಶುರುವಾಗುವ ಗಳಿಗೆಯಲ್ಲಿ ಅದರ ಹಲವು ಪಟ್ಟು. ಹೆಚ್ಚಿನ ಮನೆಗಳಿಗೆ ಬೆಸ್ಕಾಂ ಮಂಜೂರು ಮಾಡಿರುವ ಲೋಡ್ ಇದರ ಅರ್ಧಕ್ಕೂ ಬರುವುದಿಲ್ಲ. ಪಾವಗಡದ ನಾಗಲಮಡಿಕೆ ಹೋಬಳಿಯಲ್ಲಿ ಸುಮಾರು 13,000 ಎಕರೆಯ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. ಪಕ್ಕದ ಊರಿನ ಶೆಡ್ಡಿಗೆ ಬರುವುದು ಅದೇ ಸಿಂಗಲ್ ಫೇಸ್ ತಂತಿ! ತೋಟದ ಪಂಪ್‌ಸೆಟ್ಟಿನ ತ್ರೀಫೇಸ್ ಇದೆಯಲ್ಲ ಎಂದು ಕಣ್ಣು ಹಾಕಬೇಡಿ. ನೀರಾವರಿಗೆ ಉಚಿತವಾಗಿ ಕೊಟ್ಟ ವಿದ್ಯುತ್ತಿನಲ್ಲಿ ವರ್ಕ್‌ಶಾಪ್ ನಡೆಸುವುದು ಕಾನೂನಿಗೆ ವಿರುದ್ಧ, ಅದು ಬರುವುದೂ ದಿನದ ಕೆಲವೇ ಗಂಟೆ.

ಆದ್ದರಿಂದ ಕ್ರಮ ತಲೆಕೆಳಗಾಗಲಿ. ಮೊದಲು ಮೀಟರ್ ಬೋರ್ಡ್ ನೋಡಿ, ಬೆಸ್ಕಾಂ ಕಚೇರಿಯಲ್ಲಿ ಲೋಡ್ ಹೆಚ್ಚಿಸಿಕೊಳ್ಳಿ, ಬೋರ್ಡಿನಿಂದ ಶೆಡ್ಡಿಗೆ ಕನಿಷ್ಠ 4 ಚದರ ಮಿ.ಮೀ. ತಾಮ್ರದ ತಂತಿ ಬೇರೆಯಾಗಿ ಎಳೆಸಿ, ಅದಕ್ಕೊಂದು ಪ್ರತ್ಯೇಕ ಎಂ.ಸಿ.ಬಿ. ಹಾಕಿಸಿ. ದೂರ ಹೆಚ್ಚಿದ್ದರೆ 6 ಚದರ ಮಿ.ಮೀ. ಆಮೇಲೆ ಯಂತ್ರದ ಮಾತು. ಸಿಂಗಲ್ ಫೇಸಿನಲ್ಲಿ 25-30 ಆಂಪಿಯರ್‌ಗೆ ಇಟ್ಟು ಐದಾರು ಮಿ.ಮೀ. ತಗಡು ಕತ್ತರಿಸುವುದೇ ಮರ್ಯಾದಸ್ಥ ಬಳಕೆ. ಪೆಟ್ಟಿಗೆಯ ಮೇಲಿನ ಡ್ಯೂಟಿ ಸೈಕಲ್ ಕೂಡ ಓದಿ. ಶೇ. 60 ಎಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಕೆಲಸ, ನಾಲ್ಕು ನಿಮಿಷ ವಿಶ್ರಾಂತಿ. ಆ ಲೆಕ್ಕ ಮಾಡುವುದು 40 ಡಿಗ್ರಿಯ ವಾತಾವರಣಕ್ಕೆ. ಏಪ್ರಿಲ್‌ನಲ್ಲಿ ಪಾವಗಡದ ತಗಡಿನ ಸೂರಿನಡಿ ಕೆಲಸದ ನಿಮಿಷ ಇನ್ನೂ ಇಳಿಯುತ್ತದೆ.

1800ರಲ್ಲಿ ಈ ಸೀಮೆಯಲ್ಲಿ ಓಡಾಡಿದ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್, ಮಧುಗಿರಿ ಮತ್ತು ಚನ್ನರಾಯನದುರ್ಗದ ಸುತ್ತ ಮಳೆಗಾಲದ ಹಳ್ಳಗಳು ಬೆಟ್ಟದಿಂದ ಇಳಿಸಿ ತರುವ ಕರಿ ಮರಳನ್ನೇ ಕುಲುಮೆಗೆ ಹಾಕಿ ಕಬ್ಬಿಣ ತೆಗೆಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ತಿದಿ ಒತ್ತುವವನ ಕೈ ಸೋತರೆ ಆ ಕುಲುಮೆಯೂ ಸೋಲುತ್ತಿತ್ತು. ಪ್ಲಾಸ್ಮಾದಲ್ಲೂ ಗಾಳಿಯೇ ಅರ್ಧ ಯಂತ್ರ. ಅದಕ್ಕೆ ಸುಮಾರು 5 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 100ರಿಂದ 200 ಲೀಟರ್ ಗಾಳಿ ಬೇಕು. ಕಂಪ್ರೆಸರ್ ಮೇಲೆ ಬರೆದಿರುವುದು ಬಹುತೇಕ ಪಿಸ್ಟನ್ ನುಂಗುವ ಲೆಕ್ಕ. ಹೊರಗೆ ಬರುವುದು ಅದಕ್ಕಿಂತ ಬಹಳ ಕಡಿಮೆ, ಅದನ್ನೇ ಕೇಳಿ ತಿಳಿಯಿರಿ. ಗಾಳಿಯನ್ನು ಒತ್ತಿದಾಗ ಅದರಲ್ಲಿದ್ದ ತೇವ ಟ್ಯಾಂಕಿನಲ್ಲಿ ನೀರಾಗಿ ಇಳಿಯುತ್ತದೆ, ಪಂಪಿನ ಎಣ್ಣೆಯೂ ಸೇರುತ್ತದೆ. ಈ ನೀರು ಟಾರ್ಚಿಗೆ ಹೋದರೆ ಎಲೆಕ್ಟ್ರೋಡಿನ ತುದಿ ಬೇಗ ತಿಂದುಹೋಗುತ್ತದೆ. ಆ ತುದಿಯಲ್ಲಿರುವುದು ತಾಮ್ರದಲ್ಲಿ ಕೂರಿಸಿದ ಹಾಫ್ನಿಯಂ ಎಂಬ ಲೋಹದ ಸಣ್ಣ ಚುಕ್ಕೆ. ಗಾಳಿಯಲ್ಲಿ ಟಂಗ್‌ಸ್ಟನ್ ಸುಟ್ಟುಹೋಗುವುದರಿಂದ ಇದನ್ನೇ ಹಾಕುತ್ತಾರೆ. ಚುಕ್ಕೆಯಲ್ಲಿ ಒಂದು ಮಿ.ಮೀ.ಗೂ ಹೆಚ್ಚು ಆಳದ ಗುಂಡಿ ಬಿದ್ದರೆ ಬದಲಿಸಿ, ನಾಜಲ್ ಜೊತೆಗೇ. ಬೆಳಿಗ್ಗೆ ಟ್ಯಾಂಕಿನ ತಳದ ಡ್ರೈನ್ ವಾಲ್ವ್ ತೆರೆದು ನೀರು ಹೊರಹಾಕುವುದು, ಲೈನಿನಲ್ಲಿ ಫಿಲ್ಟರ್ ಇಡುವುದು ತಪ್ಪಬಾರದು. ಗಾಳಿ ಸಾಲದೆಂದು ಪಕ್ಕದ ಆಕ್ಸಿಜನ್ ಸಿಲಿಂಡರನ್ನು ಜೋಡಿಸುವ ಜಾಣತನ ಮಾತ್ರ ಬೇಡವೇ ಬೇಡ. ಎಣ್ಣೆ ಹತ್ತಿದ ಪೈಪಿನಲ್ಲಿ ಆಮ್ಲಜನಕ ಸ್ಫೋಟಿಸುತ್ತದೆ.

ಟಾರ್ಚ್ ಆಯ್ಕೆ ಮಾಡುವಾಗ ಪೈಲಟ್ ಆರ್ಕ್ ಇರುವುದನ್ನೇ ಕೇಳಿ. ಅದರಲ್ಲಿ ಚಾಪ ಮೊದಲು ನಾಜಲ್ಲಿನೊಳಗೇ ಹೊತ್ತಿ ಆಮೇಲೆ ತಗಡಿಗೆ ಜಿಗಿಯುವುದರಿಂದ ಬಣ್ಣ, ತುಕ್ಕು ಹಿಡಿದ ಹಳೇ ಪ್ಲೇಟಿನ ಮೇಲೂ ಕೆಲಸ ನಡೆಯುತ್ತದೆ. ಆ ಟಾರ್ಚಿನ ನಾಜಲ್, ಎಲೆಕ್ಟ್ರೋಡ್ ತುಮಕೂರಿನಲ್ಲೋ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲೋ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಸಿಗದಿದ್ದರೆ ಎಷ್ಟು ಅಗ್ಗವಾದರೂ ಬಿಟ್ಟುಬಿಡಿ.

ವೆಲ್ಡಿಂಗ್ ಬಲ್ಲವರಿಗೆ ಇದರಲ್ಲಿ ಹೆಚ್ಚಿನ ಅಪಾಯವಿದೆ, ಏಕೆಂದರೆ ಕೈಗೆ ಹಳೆಯ ಅಭ್ಯಾಸವಿದೆ. ವೆಲ್ಡಿಂಗ್ ಯಂತ್ರದ ಖಾಲಿ ವೋಲ್ಟೇಜ್ ನೂರರೊಳಗೆ. ಬರಿಗೈಯಲ್ಲಿ ರಾಡ್ ಬದಲಿಸಿ ಬದುಕಿದವರು ಉಂಟು. ಪ್ಲಾಸ್ಮಾದ್ದು 250ರಿಂದ 300 ವೋಲ್ಟ್ ಡಿ.ಸಿ. ನಾಜಲ್ ಮುಟ್ಟುವ ಮುನ್ನ ಮೇನ್ ಸ್ವಿಚ್ ಆರಿಸಲೇಬೇಕು. ಬೆವರಿದ ಕೈಗೆ ಒಣ ಚರ್ಮದ ಗ್ಲೌಸ್, ಕಾಲಿಗೆ ಷೂ. ಕಲ್ಲು ನೆಲದ, ಮಳೆ ಕಮ್ಮಿಯ ಈ ಸೀಮೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿ ಕೆಲಸ ಬಿಡುತ್ತದೆ; ಬೇಸಿಗೆಯಲ್ಲಿ ಅದಕ್ಕೂ ನೀರು ಹಾಕಿ.

ಕಣ್ಣಿಗೆ 40 ಆಂಪಿಯರ್‌ವರೆಗೆ ಕನಿಷ್ಠ 5ನೇ ಶೇಡ್, 60ರವರೆಗೆ 6ನೇ ಶೇಡ್ ಗಾಜು. ಬಿಸಿಲಿನ ಕನ್ನಡಕ ಲೆಕ್ಕಕ್ಕಿಲ್ಲ. ಮೈಮೇಲೆ ಹತ್ತಿ ಬಟ್ಟೆ ಇರಲಿ, ಪಾಲಿಯೆಸ್ಟರ್ ಕಿಡಿ ತಾಕಿದರೆ ಚರ್ಮಕ್ಕೇ ಅಂಟುತ್ತದೆ. ಜಿ.ಐ. ತಗಡು, ಸೋಲಾರ್ ಸ್ಟ್ಯಾಂಡುಗಳ ಕಲಾಯಿ ಉಕ್ಕು ಕತ್ತರಿಸುವಾಗ ಸತು 907 ಡಿಗ್ರಿಗೇ ಕುದಿದು ಬಿಳಿ ಹೊಗೆಯಾಗುತ್ತದೆ. ಅದನ್ನು ಕುಡಿದವರಿಗೆ ಸಂಜೆ ಚಳಿ ಜ್ವರ, ಮೈಕೈ ನೋವು. ಒಂದೆರಡು ದಿನದಲ್ಲಿ ಇಳಿಯುವುದರಿಂದ ಫ್ಲೂ ಎಂದು ತಳ್ಳಿಹಾಕುತ್ತಾರೆ. ಎಸ್.ಎಸ್. ಹೊಗೆ ಅಷ್ಟು ಸೌಮ್ಯವಲ್ಲ, ಅದರಲ್ಲಿನ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು. ಹಾಲು, ಬೆಲ್ಲ ಈ ಹೊಗೆಗಳಲ್ಲಿ ಯಾವುದನ್ನೂ ತೊಳೆಯುವುದಿಲ್ಲ. ಬಾಗಿಲು ತೆರೆದು, ಗಾಳಿಗೆ ಬೆನ್ನು ಕೊಡದೆ ಪಕ್ಕಕ್ಕೆ ನಿಂತು, ಮುಖವನ್ನು ಹೊಗೆಯಿಂದ ಹೊರಗಿಡಿ. ಲೋಹದ ಹೊಗೆ ತಡೆಯುವ ಮಾಸ್ಕ್ ಹಾಕಿ, ಕರ್ಚೀಫ್ ಸಾಲದು.

ಹಳೇ ಡೀಸೆಲ್ ಟ್ಯಾಂಕ್, ಮುಚ್ಚಿದ ಡ್ರಮ್ ತಂದು ಕೊಯ್ದುಕೊಡಿ ಎಂದರೆ ವಾಪಸ್ ಕಳಿಸಿ. ಖಾಲಿ ಟ್ಯಾಂಕಿನ ಆವಿಯೇ ಸಿಡಿಯುವುದು, ತೊಳೆದಿದ್ದೇವೆ ಎಂಬ ಮಾತಿಗೆ ಬೆಲೆ ಇಲ್ಲ. ಕಿಡಿಗಳು ಹತ್ತು ಮೀಟರ್‌ವರೆಗೂ ಹಾರಿ ಉರುಳುತ್ತವೆ. ಆ ಸುತ್ತಿನಲ್ಲಿ ಕಡಲೆಕಾಯಿ ಹೊಟ್ಟು, ರಾಗಿ ಹುಲ್ಲಿನ ಬಣವೆ, ಗೋಣಿಚೀಲ, ಪೆಟ್ರೋಲ್ ಕ್ಯಾನ್ ಇರಬಾರದು. ಕತ್ತರಿಸುವಾಗ ಕಿಡಿ ಕೆಳಗೆ ಬೀಳಬೇಕು. ಮೇಲಕ್ಕೆ ಚಿಮ್ಮಿದರೆ ತಗಡು ತೂತಾಗಿಲ್ಲ, ಕೈ ನಿಧಾನ ಮಾಡಿ. ಸಂಜೆ ಶೆಡ್ಡಿಗೆ ಬೀಗ ಹಾಕುವ ಮುನ್ನ ಕೊನೆಯ ಕೆಲಸ ಕಟಿಂಗ್ ಆಗಿರದಂತೆ ನೋಡಿಕೊಳ್ಳಿ. ಅದನ್ನು ಮುಗಿಸಿ ಅರ್ಧ ಗಂಟೆಯಾದರೂ ಡ್ರಿಲ್ಲಿಂಗೋ ಪೇಂಟಿನ ಮುನ್ನ ಉಜ್ಜುವುದೋ ಇಟ್ಟುಕೊಂಡರೆ, ಮೂಲೆಯಲ್ಲಿ ಹೊಗೆಯಾಡುವುದು ಅಷ್ಟರೊಳಗೆ ಕಣ್ಣಿಗೆ ಬೀಳುತ್ತದೆ.