ಪಿಯುಸಿ ಅಂಕ, ಸಿಇಟಿ ರ್‍ಯಾಂಕ್ ಮತ್ತು ನಮ್ಮ ವಿದ್ಯಾರ್ಥಿವೇತನದ ಪಟ್ಟಿ



ಈ ಸಾಲಿನಿಂದ ವಿದ್ಯಾರ್ಥಿವೇತನದ ಪಟ್ಟಿಯನ್ನು ಬೇರೆ ರೀತಿಯಲ್ಲಿ ತಯಾರಿಸಲು ತೀರ್ಮಾನಿಸಿದ್ದೇವೆ. ಇದುವರೆಗೆ ದ್ವಿತೀಯ ಪಿಯುಸಿಯ 600 ಅಂಕಗಳಲ್ಲಿ ಬಂದ ಒಟ್ಟು ಶೇಕಡಾವಾರು ನೋಡಿ, ವಿಜ್ಞಾನ, ವಾಣಿಜ್ಯ, ಕಲಾ ಎಂದು ಬೇರ್ಪಡಿಸದೆ ಒಂದೇ ಪಟ್ಟಿ ಮಾಡುತ್ತಿದ್ದೆವು. ಅದೇ ನ್ಯಾಯವೆಂದು ನಂಬಿದ್ದೆವು. ಕಳೆದ ಸಾಲಿನ ಎರಡು ಅರ್ಜಿಗಳು ಆ ನಂಬಿಕೆಯನ್ನು ಅಲ್ಲಾಡಿಸಿದವು.

ಇಬ್ಬರೂ ಇಂಜಿನಿಯರಿಂಗ್‌ಗೆ ಹೊರಟವರು. ಹುಡುಗನಿಗೆ 538, ಹುಡುಗಿಗೆ 500. ನಮ್ಮ ಪಟ್ಟಿಯಲ್ಲಿ ಹುಡುಗ ಮೇಲಿದ್ದ, ಹುಡುಗಿಯ ಹೆಸರು ಬರುವ ಮೊದಲೇ ಹಣ ಮುಗಿಯಿತು. ಸಿಇಟಿ ರ್‍ಯಾಂಕ್ ಬಂದಾಗ ನೋಡಿದರೆ ಹುಡುಗಿ ಬಹಳ ಮುಂದಿದ್ದಳು. ಹುಡುಗನ ತಂದೆ ನಮ್ಮ ಬಳಿ ಬಂದು, "ತೊಂಬತ್ತರ ಹತ್ತಿರ ತೆಗೆದಿದ್ದಾನೆ ಸರ್, ಎಲ್ಲೋ ತಪ್ಪಾಗಿದೆ" ಎಂದರು. ತಪ್ಪು ಎಲ್ಲೂ ಆಗಿರಲಿಲ್ಲ.

ಇಂಜಿನಿಯರಿಂಗ್ ರ್‍ಯಾಂಕಿಗೆ ಎರಡು ಭಾಷೆಗಳ ಅಂಕ ಲೆಕ್ಕಕ್ಕೆ ಬರುವುದಿಲ್ಲ. ಜೀವಶಾಸ್ತ್ರವೂ ಬರುವುದಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಈ ಮೂರರ ಪಿಯುಸಿ ಅಂಕಕ್ಕೆ ಅರ್ಧ ತೂಕ, ಅದೇ ಮೂರು ವಿಷಯಗಳ ಸಿಇಟಿ ಅಂಕಕ್ಕೆ ಇನ್ನರ್ಧ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಅಂಕ, ಮೂರಕ್ಕೆ 180. ಹುಡುಗನಿಗೆ ಭಾಷೆಗಳಲ್ಲಿ 192, ಜೀವಶಾಸ್ತ್ರದಲ್ಲಿ 94 ಇತ್ತು. ಮೂರು ಮುಖ್ಯ ವಿಷಯಗಳಲ್ಲಿ 300ಕ್ಕೆ 252, ಅಂದರೆ ಶೇ. 84. ಸಿಇಟಿಯಲ್ಲಿ 63, ಅಂದರೆ ಶೇ. 35. ಎರಡರ ಸರಾಸರಿ 59.5. ಹುಡುಗಿಗೆ ಮುಖ್ಯ ವಿಷಯಗಳಲ್ಲಿ ಶೇ. 86, ಸಿಇಟಿಯಲ್ಲಿ 99, ಅಂದರೆ ಶೇ. 55. ಸರಾಸರಿ 70.5. ಈ ಲೆಕ್ಕವನ್ನು ನಾವು ಅರ್ಜಿ ಬಂದ ದಿನವೇ ಮಾಡಬಹುದಿತ್ತು, ಮಾಡಲಿಲ್ಲ. ದಾನಿಗಳು ಕೊಟ್ಟ ಹಣ ನಮ್ಮ ಕೈಯಲ್ಲಿರುವ ಅಮಾನತ್ (ಕಚೇರಿಗಳಲ್ಲಿ ಹೇಳುವ ಅಮಾನತ್ತು ಅಲ್ಲ!), ಆದ್ದರಿಂದ ಇದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮಕ್ಕಳು ಪಿಯುಸಿಗೆ ಸೇರುವಾಗ "ಪಿಸಿಎಂಬಿ ತಗೊಳ್ಳಿ, ಎಲ್ಲಾ ಬಾಗಿಲೂ ತೆರೆದಿರುತ್ತದೆ" ಎಂದು ನಾವೇ ವರ್ಷಗಟ್ಟಲೆ ಹೇಳಿದ್ದೇವೆ. ವೈದ್ಯಕೀಯ, ಕೃಷಿ, ಪಶುವೈದ್ಯಕೀಯದ ಆಸೆ ಇದ್ದರೆ ಜೀವಶಾಸ್ತ್ರ ಬೇಕೇ ಬೇಕು. ಇಂಜಿನಿಯರಿಂಗ್ ಎಂದು ನಿರ್ಧರಿಸಿದ ಮಗುವಿಗೆ ಅದರ ಬದಲು ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡರೆ ನಷ್ಟವೇನಿಲ್ಲ. ಕಷ್ಟದ ಕಾಂಬಿನೇಷನ್ ಓದಿದ್ದಕ್ಕೆಂದು ಯಾರೂ ಹೆಚ್ಚು ಅಂಕ ಕೊಡುವುದಿಲ್ಲ. ಎಂಬಿಬಿಎಸ್ ಸೀಟಿಗಂತೂ ನೀಟ್ ಅಂಕವೇ ಎಲ್ಲ, ಪಿಯುಸಿ ಅಂಕ ಅರ್ಹತೆಗೆ ಮಾತ್ರ.

ಅಂಕ ಬಂದ ರೀತಿಯನ್ನೂ ತೂಗಿ ನೋಡಿದ್ದು ಒಮ್ಮೆ ಮಾತ್ರ ನಮಗೆ ನೆನಪಿದೆ. 2021ರಲ್ಲಿ ಕೋವಿಡ್‌ನಿಂದ ದ್ವಿತೀಯ ಪಿಯುಸಿ ಪರೀಕ್ಷೆ ನಡೆಯದೆ, ಹಿಂದಿನ ತರಗತಿಗಳ ಅಂಕದ ಮೇಲೆ ಫಲಿತಾಂಶ ಕೊಟ್ಟರು. ಅವರಲ್ಲಿ ಅನೇಕರು 2022ರಲ್ಲಿ ಮತ್ತೆ ಸಿಇಟಿ ಬರೆದಾಗ, ಪರೀಕ್ಷೆ ಬರೆಯದೆ ಬಂದ ಅಂಕವನ್ನು ಬರೆದು ಬಂದ ಅಂಕಕ್ಕೆ ಹೇಗೆ ಸಮಮಾಡುವುದು ಎಂಬ ತಕರಾರು ಹೈಕೋರ್ಟ್‌ವರೆಗೂ ಹೋಯಿತು. ಕೊನೆಗೆ ಅವರ ಪಿಯುಸಿ ಅಂಕದಿಂದ ವಿಷಯಕ್ಕೆ ಸರಾಸರಿ 6ರಷ್ಟು ಕಳೆದು ರ್‍ಯಾಂಕ್ ಕೊಟ್ಟರು. ಪ್ರತಿ ವರ್ಷ ಅಂಥ ತಕ್ಕಡಿ ಇರುವುದಿಲ್ಲ.

ಊರ್ಡಿಗೆರೆ ಸುತ್ತಿನ ಕುಟುಂಬಗಳಿಗೆ ಇನ್ನೊಂದು ಮಾತು, ಇದು ಅಂಕಕ್ಕಿಂತ ದೊಡ್ಡದು. 1ರಿಂದ 10ನೇ ತರಗತಿಯವರೆಗೆ ಹತ್ತೂ ವರ್ಷ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇ. 15 ಗ್ರಾಮೀಣ ಮೀಸಲಾತಿ ಇದೆ. ಎಂಟನೇ ತರಗತಿಗೆ ಮಗುವನ್ನು ತುಮಕೂರಿನ ಹೈಸ್ಕೂಲಿಗೆ ಹಾಕಿದರೆ ಅದು ಹೋಯಿತು. ಒಳ್ಳೆಯ ಶಾಲೆ ಎಂದೇ ಹಾಕುತ್ತಾರೆ, ತಪ್ಪೆನ್ನುವುದಿಲ್ಲ. ಆದರೆ ಏನು ಬಿಟ್ಟುಕೊಡುತ್ತಿದ್ದೇವೆ ಎಂದು ತಿಳಿದು ಹಾಕಲಿ. ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿದವರಿಗೆ ಬೇರೆ ಶೇ. 5 ಇದೆ. ಉರ್ದು ಮಾಧ್ಯಮದ ಮಕ್ಕಳಿಗೆ ಅದು ಸಿಗದು, ಗ್ರಾಮೀಣದ್ದು ಸಿಗುತ್ತದೆ. ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿಯ ಜೊತೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯೂ ಬೇಕು. 2ಬಿ ಜಾತಿ-ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಡಿ.

ಇನ್ನು ಮುಂದೆ ವಿಜ್ಞಾನ, ವಾಣಿಜ್ಯ, ಕಲಾ ವಿಭಾಗಗಳಿಗೆ ಪ್ರತ್ಯೇಕ ಪಟ್ಟಿ ಇರುತ್ತದೆ. ವೃತ್ತಿಪರ ಕೋರ್ಸಿಗೆ ಹೋಗುವವರನ್ನು ಸಿಇಟಿ ಅಥವಾ ನೀಟ್ ಫಲಿತಾಂಶ ಬಂದ ಮೇಲೆಯೇ ಪರಿಗಣಿಸುತ್ತೇವೆ. ಅರ್ಜಿಯ ಜೊತೆ ಅಂಕಪಟ್ಟಿ, ರ್‍ಯಾಂಕ್ ವಿವರ, ಆದಾಯ ಪ್ರಮಾಣಪತ್ರ, ಶುಲ್ಕದ ರಸೀದಿ ಇರಲಿ. ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿರುವುದರಿಂದ, ಎರಡನೆಯದರಲ್ಲಿ ಅಂಕ ಹೆಚ್ಚಿದ್ದರೆ ಆ ಅಂಕಪಟ್ಟಿಯನ್ನೇ ಲಗತ್ತಿಸಿ. ಕಳೆದ ಸಾಲಿನಲ್ಲಿ ತಪ್ಪಿಹೋದ ಆ ಹುಡುಗಿಯ ಎರಡನೇ ವರ್ಷದ ಶುಲ್ಕಕ್ಕೆ ಈ ಸಲದ ಹಣದಿಂದ ಮೊದಲು ತೆಗೆದಿರಿಸಿದ್ದೇವೆ. ಹುಡುಗನ ನೆರವನ್ನು ನಿಲ್ಲಿಸಿಲ್ಲ.