ದೇವರಿಗೊಂದು ಸಾಕ್ಷ್ಯ, ಮೂರ್ಖನಿಗೊಬ್ಬ ವಕೀಲ

ದೇವರಿದ್ದಾನೆಂದು ತರ್ಕದಿಂದ ಸಾಧಿಸಹೊರಟರೆ ನಾಸ್ತಿಕರು ಸುಮ್ಮನಿದ್ದರೂ ಆಸ್ತಿಕರು ಬಿಡುವುದಿಲ್ಲ. 11ನೇ ಶತಮಾನದ ಫ್ರಾನ್ಸಿನಲ್ಲಿ ಆದದ್ದೂ ಅದೇ.

ನಾರ್ಮಂಡಿಯ ಬೆಕ್ ಮಠದ ಅನ್ಸೆಲ್ಮ್‌ಗೆ ಒಂದು ಹಟ: ಧರ್ಮಗ್ರಂಥದ ಆಸರೆಯಿಲ್ಲದೆ ಒಂದೇ ವಾದದಿಂದ ದೇವರನ್ನು ಸಾಬೀತುಪಡಿಸಬೇಕು. ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ, ಪ್ರಾರ್ಥನೆಯಲ್ಲೂ ಮನಸ್ಸು ನಿಲ್ಲಲಿಲ್ಲ. ಇದು ಸೈತಾನನ ಕಿತಾಪತಿಯೇ ಇರಬೇಕೆಂದು ಅನುಮಾನವೂ ಬಂತು. ಕೊನೆಗೊಂದು ರಾತ್ರಿ ಪ್ರಾರ್ಥನೆಯ ಹೊತ್ತಿನಲ್ಲೇ ವಾದ ಹೊಳೆಯಿತು. ಮೇಣದ ಹಲಗೆಗಳ ಮೇಲೆ ಬರೆದು ಮಠದಲ್ಲಿ ಜೋಪಾನವಾಗಿಡಲು ಕೊಟ್ಟರೆ, ಹಲಗೆಗಳೇ ಮಾಯ! ಮತ್ತೆ ಬರೆದುಕೊಟ್ಟರೆ ಬೆಳಗಾಗುವಷ್ಟರಲ್ಲಿ ನೆಲದ ಮೇಲೆ ಚೂರುಚೂರು. ಆ ಚೂರುಗಳನ್ನು ಜೋಡಿಸಿ ಚರ್ಮದ ಹಾಳೆಗೆ ಇಳಿಸಿದ ಮೇಲೆಯೇ ವಾದ ಉಳಿಯಿತೆಂದು ಶಿಷ್ಯ ಈಡ್ಮರ್ ಗುರುವಿನ ಜೀವನಚರಿತ್ರೆಯಲ್ಲಿ ಬರೆದಿದ್ದಾನೆ.

ಆ ವಾದವಿರುವ 1077–78ರ ಪುಸ್ತಕ 'ಪ್ರೊಸ್ಲೋಜಿಯಾನ್' ಹೇಳುವುದಿಷ್ಟು: ಯಾವುದಕ್ಕಿಂತ ದೊಡ್ಡದನ್ನು ಊಹಿಸಲಾಗದೋ ಅದೇ ದೇವರು. ಅದು ಬರೀ ಮನಸ್ಸಿನಲ್ಲಿದ್ದರೆ, ನಿಜವಾಗಿಯೂ ಇರುವುದು ಅದಕ್ಕಿಂತ ದೊಡ್ಡದಾಗಿಬಿಡುತ್ತದಲ್ಲ? ಹಾಗಾಗಿ ದೇವರು ಇರಲೇಬೇಕು. ಇಲ್ಲವೆನ್ನುವವನು, ಬೈಬಲಿನ ಕೀರ್ತನೆ ಕರೆಯುವಂತೆ, ಮೂರ್ಖ.

ಟೂರ್ ಪಟ್ಟಣದ ಬಳಿಯ ಮಾರ್ಮುಟಿಯೆ ಮಠದ ಗೌನಿಲೊ ಆ ಮೂರ್ಖನ ವಕಾಲತ್ತು ವಹಿಸಿದ. ಬರಹದ ಹೆಸರೇ 'ಮೂರ್ಖನ ಪರವಾಗಿ'. ಸಾಗರದಲ್ಲೆಲ್ಲೋ ಕಳೆದುಹೋದ ದ್ವೀಪವೊಂದಿದೆ, ಸಿರಿಯಲ್ಲಿ ಅದನ್ನು ಮೀರಿಸುವ ನಾಡಿಲ್ಲ ಎಂದು ಯಾರೋ ಹೇಳುತ್ತಾರೆ. ಮಾತು ಅರ್ಥವಾಯಿತು, ಅಂದರೆ ದ್ವೀಪ ಮನಸ್ಸಿಗೆ ಬಂತು. ಇಲ್ಲದ ದ್ವೀಪಕ್ಕಿಂತ ಇರುವ ದ್ವೀಪ ಮೇಲು, ಆದ್ದರಿಂದ ಅದು ಇದ್ದೇ ಇದೆ! ಇದನ್ನು ಹೇಳಿದವನು ಹೆಚ್ಚು ಮೂರ್ಖನೋ, ಒಪ್ಪಿಕೊಂಡ ನಾನೋ ಎಂದು ಗೌನಿಲೊ ಕೇಳಿದ.

ಅನ್ಸೆಲ್ಮ್ ಕೂಡ ನಗೆಯಲ್ಲಿ ಹಿಂದೆ ಬೀಳಲಿಲ್ಲ. ನನ್ನ ವಾದ ದೇವರಿಗಲ್ಲದೆ ಬೇರೆ ಯಾವುದಕ್ಕೂ ಒಗ್ಗದು. ಒಗ್ಗಿಸಿ ತೋರಿಸಿದರೆ ಆ ದ್ವೀಪವನ್ನೇ ಹುಡುಕಿಕೊಡುತ್ತೇನೆ, ಇನ್ನೆಂದೂ ಕಳೆಯದಂತೆ ಎಂದ.

ಜಗಳ ಅಲ್ಲಿಗೆ ಮುಗಿಯಲಿಲ್ಲ. ಕಲ್ಪನೆಯ 100 ಟಾಲರ್ ನಾಣ್ಯದಿಂದ ಕಿಸೆ ತುಂಬುವುದಿಲ್ಲ ಎಂಬ ಧಾಟಿಯಲ್ಲಿ 1781ರಲ್ಲಿ ಜರ್ಮನ್ ತತ್ತ್ವಜ್ಞಾನಿ ಕಾಂಟ್ ತಕರಾರು ತೆಗೆದ. 20ನೇ ಶತಮಾನದಲ್ಲಿ ಆಸ್ಟ್ರೇಲಿಯಾದ ತತ್ತ್ವಜ್ಞಾನಿ ಡಗ್ಲಸ್ ಗ್ಯಾಸ್ಕಿಂಗ್ ವಾದವನ್ನೇ ತಲೆಕೆಳಗು ಮಾಡಿದ: ಜಗತ್ತಿನ ಸೃಷ್ಟಿಗಿಂತ ದೊಡ್ಡ ಸಾಧನೆಯಿಲ್ಲ. ಕರ್ತೃವಿಗೆ ಅಡ್ಡಿ ಹೆಚ್ಚಿದಷ್ಟೂ ಸಾಧನೆ ದೊಡ್ಡದು. ತಾನೇ ಇಲ್ಲದಿರುವುದಕ್ಕಿಂತ ದೊಡ್ಡ ಅಡ್ಡಿ ಉಂಟೇ? ಇಲ್ಲದೆಯೇ ಸೃಷ್ಟಿಸಿದವನೇ ಎಲ್ಲರಿಗಿಂತ ದೊಡ್ಡವನು, ಆದ್ದರಿಂದ ದೇವರಿಲ್ಲ!

ಇವರೆಲ್ಲರಿಗಿಂತ ಮೆಚ್ಚಬೇಕಾದದ್ದು ಅನ್ಸೆಲ್ಮ್‌ನ ನಡೆ. ಗೌನಿಲೊನ ಟೀಕೆಯನ್ನು ಓದಿ ಸಂತೋಷಪಟ್ಟ ಆತ, ಮುಂದೆ ಪುಸ್ತಕದ ಪ್ರತಿ ಮಾಡುವವರು ಆ ಟೀಕೆಯನ್ನೂ ತನ್ನ ಉತ್ತರವನ್ನೂ ಜೊತೆಗೇ ಸೇರಿಸಬೇಕೆಂದು ಕೇಳಿಕೊಂಡ. ದೇವರ ಪರ ವಾದಿಸುವವರೂ ವಿರುದ್ಧ ವಾದಿಸುವವರೂ ಮೊದಲು ಕಲಿಯಬೇಕಾದ ಪಾಠ ಅದು.