ಎನ್‌ಒಸಿಯ ಬೆಲೆ ಲೆಕ್ಕ ಹಾಕಿದ ಪ್ರೊಫೆಸರ್

ಗಲ್ಫಿನಲ್ಲಿ ದುಡಿದವರಿರುವ ಬ್ಯಾರಿ ಮನೆಗಳಲ್ಲಿ ಎನ್‌ಒಸಿ ಅಂದ್ರೆ ಏನೂಂತ ಬಿಡಿಸಿ ಹೇಳಬೇಕಾಗಿಲ್ಲ. ಆ ಒಂದು ಕಾಗದಕ್ಕೆ ಸಂಬಳದಲ್ಲಿ ಎಷ್ಟು ಬೆಲೆ ಎಂದು ಲೆಕ್ಕ ಹಾಕಿದವರಲ್ಲಿ ಪ್ರೊ. ಯಾವ್ ನ್ಯಾರ್ಕೊ ಒಬ್ಬರು.

ಘಾನಾದಲ್ಲಿ ಓದಿ, ಅಮೆರಿಕದ ಕಾರ್ನೆಲ್‌ನಲ್ಲಿ ಡಾಕ್ಟರೇಟ್ ಪಡೆದು, ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದ ಅವರು ಮೊದಲು ಬರೆದದ್ದು ಗಣಿತ ತುಂಬಿದ ಅರ್ಥಶಾಸ್ತ್ರ. ನಂತರ ವಲಸಿಗರ ದುಡಿಮೆಯತ್ತ ತಿರುಗಿದರು.

ಯುಎಇಯಲ್ಲಿ ಕರಾರು ಮುಗಿದರೂ ಮಾಲಕ ಎನ್‌ಒಸಿ ಕೊಡದಿದ್ದರೆ ಬೇರೆ ಕಂಪೆನಿ ಸೇರುವಂತಿರಲಿಲ್ಲ; ಕನಿಷ್ಠ ಆರು ತಿಂಗಳು ದೇಶ ಬಿಡಬೇಕಿತ್ತು. 2011ರ ಜನವರಿಯಿಂದ ಈ ನಿಯಮ ಸಡಿಲವಾಯಿತು. ನ್ಯಾರ್ಕೊ, ಸುರೇಶ್ ನಾಯ್ಡು ಮತ್ತು ಶಿಂಗ್-ಯಿ ವಾಂಗ್ ಸಂಬಳ ಪಾವತಿಯ ದಾಖಲೆಗಳನ್ನು ಜಾಲಾಡಿ 2016ರಲ್ಲಿ ಅಧ್ಯಯನ ಪ್ರಕಟಿಸಿದರು. ಕರಾರು ಮುಗಿಸಿದವರ ಗಳಿಕೆ ಸುಮಾರು ಶೇ. 10ರಷ್ಟು ಏರಿತ್ತು. ಸೋಜಿಗವೆಂದರೆ, ಹಳೆಯ ಕಂಪೆನಿಯಲ್ಲೇ ಉಳಿದವರೂ ಹೆಚ್ಚಾಗಿದ್ದರು. ದೇಶ ಬಿಡುವವರು ಕಡಿಮೆಯಾಗಿದ್ದರು. ‘ಬಿಟ್ಟು ಹೋಗ್ತೇನೆ’ ಅನ್ನುವ ಹಕ್ಕು ಕೆಲಸದವನಿಗಿದ್ದರೆ ಮಾಲಕನೇ ಸಂಬಳ ಏರಿಸ್ತಾನೆ.

ಆದರೆ ಊರಿನಿಂದ ಹೊಸದಾಗಿ ಹೋಗುವವರಿಗೆ ಬೇಡಿಕೆ ಕುಗ್ಗಿತು, ಅವರ ಸಂಬಳವೂ ಇಳಿಯಿತು ಎಂದೂ ಅದೇ ಅಧ್ಯಯನ ಹೇಳುತ್ತದೆ.

ವೀಸಾ ಬಂತೂಂತ ಹೊರಡುವ ಮೊದಲು ನಮ್ಮ ಮಕ್ಕಳು ಕರಾರು ಪತ್ರವನ್ನು ಪೂರ್ತಿ ಓದಲಿ. ಸಂಬಳ ಎಷ್ಟು ಎಂಬುದರ ಜೊತೆಗೆ, ಕೆಲಸ ಬಿಡುವುದು ಹೇಗೆ ಎಂಬುದನ್ನೂ ನೋಡಿಕೊಳ್ಳಲಿ.